ರ‍್ಯಾಮ್ ಕೊಳ್ಳುವ ಮೊದಲು: ಗೋಪಿನಾಥಂ ತರಗತಿಯ ನಾಲ್ಕು ಪ್ರಶ್ನೆಗಳು

ಬೋಧನಾಭ್ಯಾಸಕ್ಕೆ ಹನೂರು ತಾಲ್ಲೂಕಿನ ಗೋಪಿನಾಥಂಗೆ ಹೊರಟಾಗ ಪರಿಚಯದವರೆಲ್ಲ "ವೀರಪ್ಪನ್ ಹುಟ್ಟೂರಲ್ಲವೇ?" ಎಂದೇ ಕೇಳಿದರು. ಅಲ್ಲಿಗೆ ಹೋದ ಮೇಲೆ ಶಿಕ್ಷಕಿಯಾಗಿ ನನಗೆ ಮುಖ್ಯವೆನಿಸಿದ ಸಂಗತಿಗಳು ಬೇರೆ ಎರಡು. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತಮಿಳು, ಓದುವುದು ಕನ್ನಡದಲ್ಲಿ. ಇನ್ನು ಕಂಪ್ಯೂಟರಿನ ಒಂದು ಬಿಡಿಭಾಗ ಬೇಕೆಂದರೂ ಪಾಲಾರ್, ಮಹದೇಶ್ವರ ಬೆಟ್ಟ, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲಕ್ಕೆ ಹೋಗಬೇಕು. ಅದಕ್ಕೆ ಒಂದು ದಿನ ಎತ್ತಿಡಬೇಕು.

ನಾನು ತರಗತಿಗೆ ಒಯ್ಯುತ್ತಿದ್ದುದು ಬಿ.ಎಸ್ಸಿ. ಓದುವಾಗ ಅಪ್ಪ ಕೊಡಿಸಿದ ಲ್ಯಾಪ್‌ಟಾಪ್. ಅದರಲ್ಲಿದ್ದುದು 4 ಜಿಬಿ ರ‍್ಯಾಮ್. ಜಿಯೋಜೀಬ್ರಾದ ಜೊತೆಗೆ ಒಂದು ವಿಡಿಯೊ ತೆರೆದರೆ ಪರದೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಹತ್ತನೇ ತರಗತಿಗೆ ಮಸೂರಗಳ ಪಾಠ ಎರಡು ವಾರದಲ್ಲಿ ಬರಲಿತ್ತು. ವಸ್ತುವನ್ನು ಸರಿಸಿದಂತೆ ಪ್ರತಿಬಿಂಬ ಹೇಗೆ ಬದಲಾಗುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸುವುದು ನನ್ನ ಪಾಠಯೋಜನೆ. ಹೊಂದದ ರ‍್ಯಾಮ್ ತಂದರೆ ಹಣವೂ ಹೋಯಿತು, ದಿನವೂ ಹೋಯಿತು, ಪಾಠವೂ ತಪ್ಪಿತು. ಈ ಸಮಸ್ಯೆಯನ್ನೇ ಮಕ್ಕಳ ಮುಂದೆ ಇಡಬಹುದೇ ಎಂದು ಮಾರ್ಗದರ್ಶಕ ಶಿಕ್ಷಕಿಯವರನ್ನು ಕೇಳಿದೆ. "ಪಠ್ಯಕ್ಕೆ ಏನು ಸಂಬಂಧ ಅಂತ ತೋರಿಸಿ ಮಾಡಮ್ಮ" ಎಂದರು.

ಸಂಬಂಧ ಹುಡುಕಲು ಕಷ್ಟವಾಗಲಿಲ್ಲ. ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಲೋಹವೊಂದನ್ನು ಮುಟ್ಟಿದೆ. ಏಕೆಂದು ಕೇಳಿದಾಗ ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರು ಎತ್ತಿದ ಪ್ರಯೋಗ ಮಕ್ಕಳಿಗೆ ನೆನಪಾಯಿತು. ನಮ್ಮ ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲದು. ಪೂರ್ವಜ್ಞಾನದ ಪರೀಕ್ಷೆ ಅಲ್ಲಿಗೇ ಆಯಿತು. ಆಮೇಲೆ ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆವು.

ಜಾಗ ಇದೆಯೇ? ಬಿಚ್ಚುವ ಮೊದಲೇ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ವಿಭಾಗ ನೋಡಿದ್ದೆವು. ಎರಡು ಸ್ಲಾಟುಗಳಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಎಂದಿತ್ತು. ಒಳಗೆ ನೋಡಿದಾಗಲೂ ಒಂದು ಖಾಲಿ. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಯಾವ ಪೀಳಿಗೆಯದು? ಇದ್ದ ರ‍್ಯಾಮನ್ನು ಅಂಚು ಹಿಡಿದು ತೆಗೆದು ಚೀಟಿ ಓದಿಸಿದೆ: ಪಿಸಿ4-2400ಟಿ. ಪಿಸಿ4 ಎಂದರೆ ಡಿಡಿಆರ್4. ಪಿಸಿ3 ಎಂದಿದ್ದರೆ ಡಿಡಿಆರ್3, ಪಿಸಿ3ಎಲ್ ಎಂದಿದ್ದರೆ ಅದರದೇ ಕಡಿಮೆ ವೋಲ್ಟೇಜಿನ ಬಗೆ. ಲ್ಯಾಪ್‌ಟಾಪಿನ ರ‍್ಯಾಮಿನಲ್ಲಿ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಪಿನ್ನುಗಳ ಸಾಲಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ಕ್ಕೆ 1.5 ವೋಲ್ಟ್, 3ಎಲ್‌ಗೆ 1.35, ಡಿಡಿಆರ್4ಕ್ಕೆ 1.2. ನಾನು "ಕಚ್ಚು" ಎಂದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹಿಂದೆ ತಿರುಗಿ "ವೆಟ್ಟು" ಎಂದಳು. ಹಿಂದಿನವರೆಲ್ಲ ಎದ್ದು ನೋಡಿದರು.

ಎಷ್ಟು ಹಿಡಿಯುತ್ತದೆ? ಇದನ್ನು ತಯಾರಕರ ಕೈಪಿಡಿಯಲ್ಲಿ ಆ ಮಾದರಿಯ ಸಂಖ್ಯೆ ಹುಡುಕಿ ನೋಡಬೇಕು. ಆಪರೇಟಿಂಗ್ ಸಿಸ್ಟಮ್ ಕೂಡ ನೋಡಬೇಕು. 32 ಬಿಟ್‌ನ ವಿಂಡೋಸ್ ಆದರೆ 2ರ ಘಾತ 32, ಅಂದರೆ 4,29,49,67,296 ಬೈಟ್, ಹೆಚ್ಚೆಂದರೆ 4 ಜಿಬಿ. ಎಷ್ಟು ಸೇರಿಸಿದರೂ ಅಷ್ಟೇ. ಎಂಟನೇ ತರಗತಿಯ ಘಾತಾಂಕಗಳು ಇಲ್ಲಿ ಕೆಲಸಕ್ಕೆ ಬಂದವು. ನನ್ನದು 64 ಬಿಟ್.

ವೇಗ ಎಷ್ಟು? ಚೀಟಿಯ 2400 ಅದೇ. 2400ರ ಪಕ್ಕದಲ್ಲಿ 2666ರದ್ದನ್ನು ಹಾಕಿದರೆ ಸಾಮಾನ್ಯವಾಗಿ ಎರಡೂ 2400ರಲ್ಲೇ ಓಡುತ್ತವೆ. ಇಷ್ಟು ಹೇಳುತ್ತಲೇ ಒಬ್ಬ ಹುಡುಗ, "ಮಿಸ್, ನಮ್ಮ ಗುಂಪಿನ ಥರಾನೇ" ಎಂದ. ತರಗತಿ ನಕ್ಕಿತು, ಹಿಂದಿನ ಬೆಂಚು ನಗಲಿಲ್ಲ.

ಆ ಮಾತಿಗೆ ಕಾರಣವಿತ್ತು. ಕನ್ನಡ ಸಲೀಸಾಗಿ ಬರುವವರನ್ನೂ ತಡವರಿಸುವವರನ್ನೂ ಬೆರೆಸಿ ಗುಂಪು ಮಾಡಿದ್ದೆ. ಬೇಗ ಮುಗಿಸುವವರಿಗೆ ಅದು ಹಿಡಿಸಿರಲಿಲ್ಲ. ಹುಡುಗನ ಹೋಲಿಕೆ ಚುರುಕಾಗಿತ್ತು. ತಕ್ಷಣ ಅಲ್ಲ ಎಂದರೆ ಅದು ಬರೀ ಉಪದೇಶವಾಗುತ್ತಿತ್ತು. "ಯಂತ್ರದಲ್ಲಿ ಹೌದು. ನಿಮ್ಮಲ್ಲಿ ಹೌದೋ ಅಲ್ಲವೋ ನೋಡೋಣ" ಎಂದು, ವೋಲ್ಟೇಜಿನ ವಿಷಯವನ್ನು ಗುಂಪಿನೊಳಗೆ ಯಾವ ಭಾಷೆಯಲ್ಲಾದರೂ ವಿವರಿಸಿಕೊಳ್ಳಲು ಹೇಳಿದೆ. ಐದು ನಿಮಿಷದ ಮೇಲೆ "ವೆಟ್ಟು" ಎಂದ ಹುಡುಗಿಯೇ ಎದ್ದು ಬಂದಳು. ಅವಳು ತಮಿಳಿನಲ್ಲಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ್ದನಂತೆ: "1.5 ಬೇಕಾದ್ದಕ್ಕೆ 1.35 ಕೊಟ್ಟರೆ ಸುಡೋದಿಲ್ಲವಲ್ಲ, ಮತ್ತೆ ಯಾಕೆ ಓಡಲ್ಲ?" ಅವಳಿಗೆ ಉತ್ತರ ತಿಳಿದಿರಲಿಲ್ಲ. ಸೊನ್ನೆ ಯಾವುದು, ಒಂದು ಯಾವುದು ಎಂದು ಚಿಪ್ಪು ಗುರುತಿಸುವುದೇ ವೋಲ್ಟೇಜಿನಿಂದ, ಅದು ಸಾಲದಿದ್ದರೆ ಗುರುತು ತಪ್ಪುತ್ತದೆ ಎಂದು ಇಡೀ ತರಗತಿಗೆ ವಿವರಿಸಿದೆ. ಆ ದಿನದ ಅತ್ಯುತ್ತಮ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂದಿತ್ತು, ಅದನ್ನು ಕನ್ನಡಕ್ಕೆ ತಂದವಳು ತಾನೂ ಒಂದು ಹೊಸ ವಿಷಯ ಕಲಿತಿದ್ದಳು.

ಬೋಧನಾಶಾಸ್ತ್ರದ ಪುಸ್ತಕಗಳಲ್ಲಿ ಮನಸ್ಸನ್ನು ಕಂಪ್ಯೂಟರಿಗೆ ಹೋಲಿಸುವುದನ್ನು ನಾವೆಲ್ಲ ಓದುತ್ತೇವೆ. ಆ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ಅಂದು ಕಂಡಿತು. ಒಂದು ರ‍್ಯಾಮ್ ಪಕ್ಕದ ರ‍್ಯಾಮಿನಿಂದ ಏನನ್ನೂ ಕಲಿಯುವುದಿಲ್ಲ.

ಮಕ್ಕಳೇ ಚೀಟಿ ಬರೆದುಕೊಟ್ಟರು: ಲ್ಯಾಪ್‌ಟಾಪಿನದು, ಡಿಡಿಆರ್4, 8 ಜಿಬಿ, 2400 ಅಥವಾ ಅದಕ್ಕಿಂತ ಹೆಚ್ಚು, 1.2 ವೋಲ್ಟ್. ಭಾನುವಾರ ಕೊಳ್ಳೇಗಾಲದ ಅಂಗಡಿಯಲ್ಲಿ ಅದನ್ನು ತೋರಿಸಿ ರ‍್ಯಾಮ್ ತಂದೆ. ಸೋಮವಾರ ಅವರ ಎದುರೇ ಹಾಕಿದೆ. ಓರೆಯಾಗಿ ತೂರಿಸಿ ಕೆಳಗೆ ಒತ್ತಿದಾಗ ಎರಡೂ ಬದಿಯ ಕೊಕ್ಕೆಗಳು ಕಚ್ಚಿಕೊಂಡವು. ಪರದೆ 12 ಜಿಬಿ ತೋರಿಸಿತು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡೆವು. ಮಸೂರದ ಪಾಠ ಅದೇ ವಾರ, ಅದೇ ಬೆರಕೆ ಗುಂಪುಗಳಲ್ಲಿ ನಡೆಯಿತು. ಗುಂಪು ಬದಲಿಸಿ ಎಂದು ಯಾರೂ ಕೇಳಲಿಲ್ಲ.