ಮಂಡಿಯ ಮುಂಗಡ

ಶಿಕಾರಿಪುರ, ಸೊರಬದ ಕಡೆ ಮೊದಲೆಲ್ಲ ಯಾರಿಗಾದರೂ ಕಾಯಿಲೆ ಜೋರಾದರೆ ಮನೆಯವರು ಎರಡು ಕಡೆ ಓಡುತ್ತಿದ್ದರು: ಒಬ್ಬರು ಡಾಕ್ಟರ ಬಳಿಗೆ, ಇನ್ನೊಬ್ಬರು ಅಡಿಕೆ ಮಂಡಿಗೆ. ಮುಂದಿನ ಕೊಯ್ಲಿನ ಮೇಲೆ ಮುಂಗಡ ಸಿಕ್ಕರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಘಟ್ಟ ಇಳಿದು ಮಣಿಪಾಲಕ್ಕೋ ಹೊರಡುವುದು. ತೋಟವಿಲ್ಲದವರಿಗೆ ಮಂಡಿಯೂ ಇರಲಿಲ್ಲ. ಅವರ ಪಾಲಿಗಿದ್ದದ್ದು ಸರ್ಕಾರಿ ದವಾಖಾನೆ. ಸೀಸೆ ನಾವೇ ಒಯ್ಯಬೇಕು. ಕಂಪೌಂಡರ್ ಜಾಡಿಯಿಂದ ಕೆಂಪು ಮಿಕ್ಸ್ಚರ್ ಬಗ್ಗಿಸಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಬದಿಗೆ ಅಂಟಿಸಿ ಕೊಡುತ್ತಿದ್ದ. ಒಂದು ಹಲ್ಲಿನಷ್ಟು ಒಂದು ಹೊತ್ತಿಗೆ.

ಆಮೇಲೆ ಗದ್ದೆಗಳು ತೋಟವಾದವು. ಶುಂಠಿ, ಅನಾನಸ್, ಮೆಕ್ಕೆಜೋಳ ಬಂದವು. ಕೈಯಲ್ಲಿ ದುಡ್ಡು ಓಡಾಡಿದಂತೆ ಆಸ್ಪತ್ರೆಯ ಖರ್ಚೂ ಏರಿತು. ಮೊದಲು ‘ವಯಸ್ಸಾಯ್ತು’ ಎಂದು ಸುಮ್ಮನಾಗುತ್ತಿದ್ದ ಮಂಡಿನೋವಿಗೆ ಈಗ ಆಪರೇಷನ್. ದೇಶಗಳ ಲೆಕ್ಕವೂ ಹೀಗೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಸೆಫ್ ನ್ಯೂಹೌಸ್ 1977ರಲ್ಲಿ 13 ಮುಂದುವರಿದ ದೇಶಗಳ ಅಂಕಿಅಂಶ ಹರಡಿಕೊಂಡು ಕೂತಾಗ, ವೈದ್ಯಕೀಯ ವೆಚ್ಚದಲ್ಲಿ ದೇಶದಿಂದ ದೇಶಕ್ಕಿರುವ ವ್ಯತ್ಯಾಸದ ಶೇ. 90ಕ್ಕೂ ಹೆಚ್ಚು ಭಾಗವನ್ನು ತಲಾ ಆದಾಯವೊಂದೇ ವಿವರಿಸುತ್ತದೆಂದು ಕಂಡಿತು. ಆದರೆ ಹೆಚ್ಚು ಖರ್ಚು ಮಾಡಿದವರು ಹೆಚ್ಚು ಕಾಲ ಬದುಕುತ್ತಾರೆ ಎನ್ನುವಂತಿಲ್ಲ. ಅಮೆರಿಕ ತನ್ನ ಆದಾಯದ ಶೇ. 17ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತದೆ; ಅದಕ್ಕಿಂತ ಬಹಳ ಕಡಿಮೆ ಖರ್ಚಿನ ಜಪಾನಿನವರು ಅಮೆರಿಕದವರಿಗಿಂತ ಹೆಚ್ಚು ವರ್ಷ ಬಾಳುತ್ತಾರೆ. ದುಡ್ಡು ಯಾರ ಜೇಬಿನಿಂದ ಬರುತ್ತದೆ, ಯಾವ ಕಾಯಿಲೆಗೆ ಹೋಗುತ್ತದೆ ಎಂಬುದನ್ನು ನೋಡದೆ ಮೊತ್ತವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ.

ಇದಕ್ಕೆ ಸಾಕ್ಷಿ ಸೊರಬದಲ್ಲೇ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರದಲ್ಲಿ ಮಲಗಿದರು. ಪುಣೆಯಿಂದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಉಣುಗಿನಿಂದ ಹರಡುತ್ತದೆ ಎಂದರು. ಊರಿನ ಹೆಸರು ಜಗತ್ತಿನ ವೈದ್ಯಪುಸ್ತಕಗಳಿಗೆ ಹೋಯಿತು. ನಮ್ಮವರಿಗೆ ಅದು ಮಂಗನ ಕಾಯಿಲೆ. ಬರುವುದು ದನ ಮೇಯಿಸುವವರಿಗೆ, ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರಿಗೆ. ಬೇಸಿಗೆ ಮುಗಿಯುವವರೆಗೂ ಅದರ ಭಯ. ಇಷ್ಟು ವರ್ಷವಾದರೂ ಅದಕ್ಕೆಂದೇ ಒಂದು ಔಷಧವಿಲ್ಲ. ಇದ್ದ ಲಸಿಕೆಯೂ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಕಾಡಿಗೆ ಹೊರಡುವ ಮುಂಚೆ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಸವರಿಕೊಳ್ಳುವುದು ಇಂದಿಗೂ ಮುಖ್ಯ ರಕ್ಷಣೆ. ಹೊಸ ಲಸಿಕೆಯ ಕೆಲಸವೇನೋ ನಡೆದಿದೆ. ಆದರೆ ಈ ಕಾಯಿಲೆ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬಿದ್ದರೆ ಇಷ್ಟು ಕಾಯಬೇಕಾಗುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಬದಲಾಗಿದ್ದನ್ನೂ ಹೇಳಬೇಕು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಸಹಕಾರಿ ಸೊಸೈಟಿಯ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ತಪ್ಪುತ್ತಿತ್ತು. 2008ರಲ್ಲಿ 108 ಆಂಬುಲೆನ್ಸ್, 2018ರಲ್ಲಿ ಆಯುಷ್ಮಾನ್ ಕಾರ್ಡು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿಯಿತು. ಇದು ಸಣ್ಣ ಮಾತಲ್ಲ. ಆದರೂ ಆ ವರ್ಷ ಸರ್ಕಾರಗಳೆಲ್ಲ ಸೇರಿ ಹಾಕಿದ್ದು ದೇಶದ ಆದಾಯದ ಶೇ. 1.84 ಮಾತ್ರ. 2025ಕ್ಕೆ ಶೇ. 2.5 ಮುಟ್ಟಬೇಕೆಂದು 2017ರ ಆರೋಗ್ಯ ನೀತಿಯೇ ಬರೆದುಕೊಂಡಿತ್ತು.

ಇನ್ನು ಕಾರ್ಡಿನ ಮಾತು. ಅದು ಹಾಸಿಗೆ ಹಿಡಿದು ಅಡ್ಮಿಟ್ ಆದಾಗ ಕೆಲಸಕ್ಕೆ ಬರುತ್ತದೆ. ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಡುವ ದುಡ್ಡು, ಶಿವಮೊಗ್ಗಕ್ಕೆ ಹೋಗಿಬರುವ ಬಸ್ಸಿನ ದುಡ್ಡು, ಜೊತೆಗೆ ಹೋದವರ ಒಂದು ದಿನದ ಕೂಲಿ, ಇವು ಅದರಲ್ಲಿ ಬರುವುದಿಲ್ಲ. ತೋಟ ಇರುವವರು ಇದಕ್ಕೆ ಇಂದೂ ಮಂಡಿಯಲ್ಲಿ ಮುಂಗಡ ಬರೆಸುತ್ತಾರೆ. ಇಲ್ಲದವರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ.