ಪೊರೆಯ ಹದ

2024ರ ಜನವರಿ 1, ಬೆಳಿಗ್ಗೆ 9 ಗಂಟೆ 10 ನಿಮಿಷ. ಹಲಗೇರಿ ಕಡೆಯ ಒಂದು ಕಣದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಕಾಲಬುಡದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹರವಿದೆ, ಘಾಟಿಗೆ ಸೀನು ಬರುತ್ತಿದೆ. ಕಾಯಿ ತಿರುವುತ್ತಿದ್ದ ಅಜ್ಜಿ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. "ಇನ್ನಾ ಎರಡ ಬಿಸಲ ಬೇಕ್ರಿ." ಬೀಜ ಗಲಗಲ ಅನ್ನಬೇಕು. ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ, ಅತಿಯಾಗಿ ಒಣಗಿದರೆ ಕಾಯಿ ಪುಡಿಯಾಗಿ ತೂಕ ಹೋಗುತ್ತದೆ. ಗಾಳಿ, ನೀರು, ಬಿಸಿ ಮೂರನ್ನೂ ಆಕೆ ಕೈಯಲ್ಲೇ ಅಳೆಯುತ್ತಾಳೆ.

ಅದೇ ಗಳಿಗೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ58 ಏಳುತ್ತದೆ. ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು 650 ಕಿ.ಮೀ. ಎತ್ತರದಲ್ಲಿ ಬಿಟ್ಟು, ರಾಕೆಟ್ಟಿನ ಕೊನೆಯ ಹಂತ 350 ಕಿ.ಮೀ.ಗೆ ಇಳಿಯುತ್ತದೆ. ಸುದ್ದಿಯೆಲ್ಲ ಉಪಗ್ರಹದ್ದು. ನನ್ನ ಕಣ್ಣು ಮಾತ್ರ ಈ ಹಂತಕ್ಕೆ ಅಂಟಿಕೊಂಡು ಸುತ್ತಿದ ಇನ್ನೊಂದು ಸಾಮಾನಿನ ಮೇಲೆ: ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಕಟ್ಟಿದ ಫ್ಯೂಯೆಲ್ ಸೆಲ್. ಬನ್ನಿ, ಇಂಥ ಸೆಲ್ಲಿನ ಒಳಕ್ಕೆ ಹೋಗೋಣ.

ಎಡಗಡೆ ಜಲಜನಕ, ಬಲಗಡೆ ಆಮ್ಲಜನಕ, ನಡುವೆ ತೆಳ್ಳನೆಯ ಪಾಲಿಮರ್ ಪೊರೆ. ಎಡಗಡೆ ಜಲಜನಕ ಒಡೆಯುತ್ತದೆ. ಎಲೆಕ್ಟ್ರಾನ್‌ಗಳು ತಂತಿ ಹಿಡಿದು ಹೊರಗೆ ಕೆಲಸಕ್ಕೆ ಹೋಗುತ್ತವೆ, ಪ್ರೋಟಾನ್‌ಗಳು ಪೊರೆ ದಾಟುತ್ತವೆ. ದಾಟುವಾಗ ಬರಿಗೈಲಿ ಹೋಗುವುದಿಲ್ಲ, ನೀರಿನ ಅಣುಗಳನ್ನೂ ಎಳೆದೊಯ್ಯುತ್ತವೆ. ಎಡಬದಿ ಒಣಗತೊಡಗುತ್ತದೆ. ಬಲಬದಿಯಲ್ಲಿ ಬಂದ ನೀರಿನ ಜೊತೆಗೆ ಅಲ್ಲೇ ಹುಟ್ಟಿದ ನೀರೂ ಸೇರುತ್ತದೆ. ಪೊರೆ ಒಣಗಿದರೆ ಪ್ರೋಟಾನಿಗೆ ದಾರಿಯಿಲ್ಲ. ತಡೆ, ಅಂದರೆ ರೋಧ, ಹೆಚ್ಚಿ ಬಿಸಿಯೇರುತ್ತದೆ, ಆ ಬಿಸಿ ಪೊರೆಯನ್ನು ಇನ್ನಷ್ಟು ಒಣಗಿಸುತ್ತದೆ. ನೀರು ಹೆಚ್ಚಾದರೆ ಪೊರೆಯ ಪಕ್ಕದ ಇಂಗಾಲದ ಪದರದ ರಂಧ್ರಗಳು ಕಟ್ಟಿ ಆಮ್ಲಜನಕ ಒಳಗೆ ಬಾರದು. ಭೂಮಿಯ ಮೇಲಾದರೆ ಹನಿ ಇಳಿದುಹೋಗುತ್ತದೆ. ಇಲ್ಲಿ ಕೆಳಗೆ ಅನ್ನುವುದೇ ಇಲ್ಲ. ಯಾರಾದರೂ ಹೀರುವ ತನಕ, ತಳ್ಳುವ ತನಕ ಹುಟ್ಟಿದಲ್ಲೇ ಕೂತಿರುತ್ತದೆ. ಬಿಸಿಯನ್ನು ಹೊತ್ತೊಯ್ಯಲು ಹೊರಗೆ ಗಾಳಿಯೂ ಇಲ್ಲ. ಲೋಹದಲ್ಲಿ ಹರಿದು, ಕೊನೆಗೆ ವಿಕಿರಣವಾಗಿಯೇ ಹೋಗಬೇಕು.

ಈ ಸೆಲ್ಲು 180 ವ್ಯಾಟ್ ಕೊಟ್ಟಿತೆಂದು ಇಸ್ರೋ ಜನವರಿ 5ರಂದು ತಿಳಿಸಿತು. ಬಿಡಿ ಸೆಲ್ಲಿಗೆ 0.7 ವೋಲ್ಟ್ ಹಿಡಿದು ಲೆಕ್ಕ ಹಾಕಿ ನೋಡಿ: ಅಷ್ಟು ವಿದ್ಯುತ್ತಿಗೆ ಗಂಟೆಗೆ ಸುಮಾರು 86 ಗ್ರಾಂ ನೀರು, ಜೊತೆಗೆ ಸುಮಾರು 200 ವ್ಯಾಟ್ ಬಿಸಿ. ಬೇಕಾದ್ದಕ್ಕಿಂತ ಬೇಡದ್ದೇ ಜಾಸ್ತಿ!

ಈ ತ್ರಾಸು ಹಳೆಯದು. 1965ರ ಆಗಸ್ಟ್‌ನಲ್ಲಿ ಜೆಮಿನಿ-5 ನೌಕೆ ಪೊರೆಯ ಸೆಲ್ಲುಗಳನ್ನು ಹೊತ್ತು ಹೋದಾಗ ನೀರು ಹೀರಲು ಬತ್ತಿಗಳಿದ್ದವು. ಕೈಕೊಟ್ಟದ್ದು ಬೇರೆ ಕಡೆ: ಆಮ್ಲಜನಕದ ತೊಟ್ಟಿಯ ಹೀಟರ್ ಕೆಟ್ಟು ಒತ್ತಡ ಕುಸಿಯಿತು. ಅರ್ಧಕ್ಕೇ ಇಳಿಸಿಬಿಡುವ ಮಾತೂ ಬಂತು. ಸೆಲ್ಲುಗಳು ಕಡಿಮೆ ಒತ್ತಡದಲ್ಲೂ ನಡೆದವು. ಗಗನಯಾತ್ರಿಗಳಾದ ಕೂಪರ್, ಕಾನ್ರಾಡ್ ಸುಮಾರು 8 ದಿನ ಪೂರೈಸಿಯೇ ಬಂದರು.

ಒಳಗೆ ಕೈ ಹಾಕಿ ಹಸಿಯೋ ಒಣಗಿದೆಯೋ ನೋಡುವಂತಿಲ್ಲ, ಅದಕ್ಕೇ ಗಣಿತ ಬೇಕು. 1991ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನ ಸ್ಪ್ರಿಂಗರ್, ಜಾವೋಡ್ಜಿನ್‌ಸ್ಕಿ, ಗಾಟೆಸ್‌ಫೆಲ್ಡ್ ಪೊರೆಯ ಒಂದೊಂದು ಆಮ್ಲಗುಂಪಿನ ಪಾಲಿಗೆ ಎಷ್ಟು ನೀರಿನ ಅಣು ಎಂದು ಎಣಿಸುವ ಮಾದರಿ ಕೊಟ್ಟರು. ಆವಿ ತುಂಬಿದ ಗಾಳಿಯಲ್ಲಿ ಅದು ಸುಮಾರು 14. ಈಗ ಹೊರಗಿನ ಎರಡು ಮೀಟರ್ ನೋಡಿ ಒಳಗಿನದನ್ನು ಊಹಿಸಬಹುದು. ರೋಧ ಏರುತ್ತಿದ್ದರೆ ಪೊರೆ ಒಣಗುತ್ತಿದೆ. ರೋಧ ಇದ್ದಂತೆಯೇ ಇದ್ದು ವೋಲ್ಟೇಜ್ ಕುಗ್ಗಿದರೆ ಬಹುಶಃ ನೀರು ಕಟ್ಟಿದೆ.

ಇದೇ ಬಗೆಯ ಸೆಲ್ಲು ಬಸ್ಸು ಓಡಿಸಲು ರಸ್ತೆಗಿಳಿದರೆ ಲೆಕ್ಕ ಬೇರೆಯೇ. ಡೀಸೆಲ್ ಎಂಜಿನ್ನು ತನ್ನ ಬಿಸಿಯ ದೊಡ್ಡ ಪಾಲನ್ನು ಹೊಗೆಯ ಜೊತೆ ಉಗುಳುತ್ತದೆ. ಈ ಸೆಲ್ಲಿನ ಬಿಸಿ ಹೆಚ್ಚೂಕಡಿಮೆ ಎಲ್ಲವೂ ರೇಡಿಯೇಟರ್ ದಾಟಬೇಕು, ಅದೂ 70-80 ಡಿಗ್ರಿಯಲ್ಲೇ. ಹೊರಗೆ 40 ಡಿಗ್ರಿ ಬಿಸಿಲಿದ್ದರೆ ಉಳಿಯುವ ಅಂತರ ಎಷ್ಟು? ಹೈಡ್ರೋಜನ್ ಬಸ್ಸಿಗೆ ರೇಡಿಯೇಟರ್ ದೊಡ್ಡದು ಬೇಕಾಗುವುದು ಅದಕ್ಕೇ.