ಹುಳದ ಮಾತಿಗೆ ಕೂಡಿದ ಮೇಲೆ ಹುಳದ ಮಾತಾಡ್ರಪ್ಪ

ಈ ಸಲ ಬೆಳೆಗಿಂತ ಹೆಚ್ಚು ಮಾತಿನ ವಿಚಾರ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಯಾರಾದರೂ ತಿಳಿದವರು ಒಂದು ವಿಷಯ ಹೇಳಲಿಕ್ಕೆ ಅಂತ ಹೊಲಕ್ಕೆ ಬಂದರೆ ಹತ್ತು ನಿಮಿಷ ಆ ವಿಷಯ ನಡೆಯುತ್ತೆ. ಆಮೇಲೆ ಮಾತು ಬದು ಹಾರಿದ ದನದ ಹಾಗೆ ಕಂಡವರ ಹೊಲಕ್ಕೆಲ್ಲ ನುಗ್ಗುತ್ತೆ. ಹಿಡಿದು ಕಟ್ಟುವವರು ಯಾರೂ ಇಲ್ಲ.

ಹೋದ ತಿಂಗಳು ಪಕ್ಕದೂರಿನ ಗೋವಿನಜೋಳದ ಹೊಲದಲ್ಲಿ ಲದ್ದಿ ಹುಳದ ಬಗ್ಗೆ ಸಭೆ ಇತ್ತು. ಫಾಲ್ ಸೈನಿಕ ಹುಳು ಅಂತಾರಲ್ಲ, ಅದೇ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿದ್ದು, ಈಗ ಅದಿಲ್ಲದ ಮುಂಗಾರು ಇಲ್ಲ. ಕೀಟದ ವಿಷಯವನ್ನೇ ಓದಿದ ಒಬ್ಬರು ದೂರದಿಂದ ಬಂದಿದ್ದರು. ಕೈಯಲ್ಲಿ ಭೂತಗನ್ನಡಿ, ಚೀಲದಲ್ಲಿ ಮೋಹಕ ಬಲೆ. ಅವರು ಒಂದು ಹುಳ ಹಿಡಿದು ತಲೆ ಮೇಲಿನ ತಿರುಗಿಸಿದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ತೋರಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ಅದಿರ್ಲಿ ಸಾರ್, ಈ ಸಲ ರೇಟು ಏನಾಗ್ತತೆ?" ಅಂದರು.

ಮುಗೀತು. ರೇಟಿನಿಂದ ಬೆಂಬಲ ಬೆಲೆ, ಬೆಂಬಲ ಬೆಲೆಯಿಂದ ಖರೀದಿ ಕೇಂದ್ರ, ಅಲ್ಲಿಂದ ಯೂರಿಯಾ ಸರತಿ, ಬೆಳೆ ವಿಮೆ, ಬೋರ್‌ವೆಲ್, ಟಿ.ಸಿ. ಸುಟ್ಟಿದ್ದು, ಕೊನೆಗೆ ರೈತರ ಮಕ್ಕಳಿಗೆ ಹೆಣ್ಣು ಸಿಗಲ್ಲ ಅನ್ನೋವರೆಗೂ ಬಂತು. ಮುಕ್ಕಾಲು ಗಂಟೆ. ಆ ಮನುಷ್ಯ ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡೇ ನಿಂತಿದ್ದರು.

ರೇಟಿನ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2400 ಅಂತ ಕಾಗದದಲ್ಲಿತ್ತು, ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಹೊಟ್ಟೆ ಉರಿಯದೆ ಇರುತ್ತಾ? ಆದರೆ ಹುಳ ಓದಿದವರ ಹತ್ತಿರ ರೇಟು ಕೇಳಿದರೆ ಅವರೇನು ಮಾಡ್ತಾರೆ? ನಗ್ತಾರೆ, ಇಲ್ಲ ಕೆಳಗೆ ನೋಡ್ತಾರೆ. ಅವರಿಗೆ ಗೊತ್ತಿರೋದನ್ನು ಕೇಳಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿ ಕೇಳಿ ಸುಸ್ತು ಮಾಡಿದೆವು. ರೇಟಿನ ಜಗಳಕ್ಕೆ ತಹಸೀಲ್ದಾರ್ ಕಚೇರಿ ಮುಂದೆ ಹೋಗೋಣ, ನಾನೂ ಬರ್ತೀನಿ, ಹಿಂದೆಯೂ ಬಂದಿದ್ದೀನಿ. ಆ ಮಾತು ಇವತ್ತು ತಪ್ಪಿದರೆ ನಾಳೆ ಆಡಬಹುದು. ಹುಳದ ಮಾತು ಹಾಗಲ್ಲ, ಅದಕ್ಕೆ ದಿನದ ಲೆಕ್ಕ ಇದೆ.

ಆ ಲೆಕ್ಕ ಅವತ್ತು ಯಾರ ಕಿವಿಗೂ ಬೀಳಲಿಲ್ಲ, ಅದಕ್ಕೆ ಇಲ್ಲಿ ಬರೀತೀನಿ. ಚಿಟ್ಟೆ ರಾತ್ರಿ ಬಂದು ಎಲೆ ಮೇಲೆ ನೂರು ಇನ್ನೂರು ಮೊಟ್ಟೆ ಗುಂಪಾಗಿ ಇಟ್ಟು, ಮೇಲೆ ಕೂದಲಿನಂಥದ್ದು ಹೊದಿಸಿ ಹೋಗುತ್ತೆ. ಎರಡು ಮೂರು ದಿನಕ್ಕೆ ಮರಿ. ಮರಿ ಎಲೆ ತೂತು ಮಾಡಲ್ಲ, ಹಸಿರು ಕೆರೆದು ತಿನ್ನುತ್ತೆ, ಎಲೆ ಮೇಲೆ ಬಿಳೀ ಕಾಗದದಂಥ ಕಲೆ ಬೀಳುತ್ತೆ. ನೂಲಿನ ಎಳೆ ಹಿಡಿದು ಗಾಳಿಗೆ ಪಕ್ಕದ ಗಿಡಕ್ಕೂ ಹೋಗುತ್ತೆ. ಔಷಧಿಗೆ ಸುಲಭವಾಗಿ ಸಾಯೋದು ಈ ಹೊತ್ತಿನಲ್ಲಿ ಮಾತ್ರ. ಒಂದು ವಾರ ಕಳೆದರೆ ಸುಳಿ ಒಳಗೆ ಇಳಿದು, ತನ್ನ ಲದ್ದಿಯನ್ನೇ ಬಾಗಿಲ ಹಾಗೆ ಮೇಲೆ ಮುಚ್ಚಿಕೊಂಡು ಕೂರುತ್ತೆ. ಆಮೇಲೆ ನೀವು ಮೇಲಿಂದ ಏನು ಹೊಡೆದರೂ ಎಲೆ ತೊಳೆದಂಗೆ. ಇಡೀ ಜೀವಮಾನದಲ್ಲಿ ಹುಳ ತಿನ್ನೋದರ ಬಹುಪಾಲು ಈ ಕೊನೆಯ ದಿನಗಳಲ್ಲೇ.

ಅವತ್ತಿನ ಸಭೆಗೆ ಒಬ್ಬ ಹೆಣ್ಣುಮಗಳು ಬಂದಿದ್ದರು. ಎರಡು ಎಕರೆ, ಹದಿನೆಂಟು ದಿನದ ಪೈರು. ಪ್ಲಾಸ್ಟಿಕ್ ಕವರಿನಲ್ಲಿ ಎರಡು ಗಿಡ ಬೇರು ಸಮೇತ ಕಿತ್ತು ತಂದಿದ್ದರು, ಎಲೆ ಮೇಲೆ ಅದೇ ಬಿಳೀ ಕಲೆ. ಎರಡು ಸಲ ಮುಂದೆ ಬಂದರು. ಒಂದು ಸಲ ವಿಮೆ ಮಾತಿನವರು ಅಡ್ಡ ಬಂದರು, ಇನ್ನೊಂದು ಸಲ ಬೋರ್‌ವೆಲ್‌ನವರು. ಜೀಪು ಹೊರಡುವಾಗ ಕವರ್ ಇನ್ನೂ ಅವರ ಕೈಯಲ್ಲೇ ಇತ್ತು, ಒಳಗೆ ಗಿಡ ಬಾಡಿತ್ತು. ಆರು ದಿನ ಆದ ಮೇಲೆ ಅವರ ಹೊಲದ ಹಾದಿಯಲ್ಲಿ ಹೋಗುವಾಗ ಕರೆದು ತೋರಿಸಿದರು. ಸುಳಿ ಬಿಡಿಸಿದರೆ ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರಡಿ ಬೆರಳುದ್ದದ ಹುಳ. ನೂರು ಗಿಡ ಎಣಿಸಿದೆವು, ಮೂವತ್ತೆಂಟಕ್ಕೆ ಬಿದ್ದಿತ್ತು. ಎರಡು ಸಲ ಔಷಧಿ ಹೊಡೆದರು, ಕೂಲಿ ಬೇರೆ. ಆ ದಿನವೇ ಯಾರಾದರೂ ಆ ಕವರ್ ಬಿಚ್ಚಿ ನೋಡಿದ್ದರೆ ಒಂದೇ ಸಲದಲ್ಲಿ ಮುಗಿಯೋದು.

ಇನ್ನೊಂದು ಮಾತು, ಇದು ನನಗೆ ಇನ್ನೂ ಚುಚ್ಚುತ್ತೆ. ಒಬ್ಬ ಅಜ್ಜ ಎದ್ದು, "ನಮ್ಮ ಎಮ್ಮೆ ಕರ ಹಾಕೇತಿ ಸ್ವಾಮಿ..." ಅಂತ ಶುರು ಮಾಡಿದ. ಜನ ಹೋ ಅಂತ ನಕ್ಕರು. "ಯಜ್ಮಾನ, ಇದು ದನದ ದವಾಖಾನಿ ಅಲ್ಲ, ಹುಳದ ವಿಷಯ ಮಾತಾಡು" ಅಂದವರು ಯಾರು ಗೊತ್ತಾ, ಅರ್ಧ ಗಂಟೆ ಟಿ.ಸಿ. ವಿಷಯ ಕೊರೆದವರೇ. ಆಮೇಲೆ ನಾನು ಅಜ್ಜನ ಹತ್ತಿರ ಕೂತು ಕೇಳಿದೆ. ಔಷಧಿ ಹೊಡೆದ ಗೋವಿನಜೋಳದ ಹಸಿ ಮೇವು ಎಮ್ಮೆಗೆ ಎಷ್ಟು ದಿನ ಬಿಟ್ಟು ಹಾಕಬೇಕು, ಹಾಲು ಮೊಮ್ಮಕ್ಕಳು ಕುಡೀತಾರೆ ಅಂತ ಅವನ ಪ್ರಶ್ನೆ. ಅವತ್ತು ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳಲ್ಲಿ ಇದು ಮೊದಲನೇದು! ಔಷಧಿ ಡಬ್ಬಿಯ ಚೀಟಿಯಲ್ಲಿ ಕಾಯುವ ದಿನ ಬರೆದಿರುತ್ತೆ, ಓದಲಿಕ್ಕೆ ಬಾರದವರು ಓದಿಸಿಕೊಳ್ಳಿ. ವಿಷದ ತೌಡು ಹಾಕುವವರಂತೂ ಇನ್ನೂ ಹುಷಾರು. ಹತ್ತು ಕೆಜಿ ತೌಡು, ಎರಡು ಕೆಜಿ ಬೆಲ್ಲ ಕಲಸಿ ಒಂದು ದಿನ ಇಟ್ಟು, ಹಾಕುವ ಅರ್ಧ ಗಂಟೆ ಮುಂಚೆ ನೂರು ಗ್ರಾಂ ಥಯೋಡಿಕಾರ್ಬ್ ಸೇರಿಸಿ ಸುಳಿಗೆ ಉದುರಿಸ್ತೀವಲ್ಲ, ಆ ಬೆಲ್ಲದ ವಾಸನೆಗೆ ಹುಳಕ್ಕಿಂತ ಮೊದಲು ದನ ಬಾಯಿ ಹಾಕುತ್ತೆ. ಬೇಲಿ ಇಲ್ಲದ ಹೊಲಕ್ಕೆ ಅದು ಬೇಡವೇ ಬೇಡ.

ಹಂಗಾಗಿ ವಿಷಯ ಬಿಟ್ಟು ಮಾತಾಡೋದು ಅಂದರೆ ಏನು ಅಂತ ನಾನು ಬಹಳ ಯೋಚನೆ ಮಾಡಿದೆ. ಮೊದಲ ಮಾತು ಕೇಳಿ ತೀರ್ಮಾನ ಮಾಡಂಗಿಲ್ಲ. ಎಮ್ಮೆಯಿಂದ ಶುರುವಾಗಿದ್ದು ಹುಳಕ್ಕೆ ಬರಬಹುದು, ಹುಳದಿಂದ ಶುರುವಾಗಿದ್ದು ಎಲೆಕ್ಷನ್ನಿಗೂ ಹೋಗಬಹುದು. ಒಂದು ಮಾತ್ರ ನೋಡಿದ್ದೀನಿ. ಗಂಟಲು ದೊಡ್ಡದಿದ್ದವರ ಮಾತು ಎಲ್ಲಿ ಹೋದರೂ ವಿಷಯ ಅನ್ನಿಸಿಕೊಳ್ಳುತ್ತೆ, ಎರಡೆಕರೆಯವರು ಬಾಯಿ ತೆಗೆದರೆ "ಆಮೇಲೆ ಕೇಳಮ್ಮ". ಆಮೇಲೆ ಅನ್ನೋ ಹೊತ್ತಿಗೆ ಜೀಪು ಇರಲ್ಲ.

ಹೋದ ವಾರ ನಮ್ಮೂರ ಹುಡುಗರು ನನ್ನ ಹೊಲದಲ್ಲಿ ಕೂಡಿದಾಗ ಒಂದು ಕಟ್ಟು ಮಾಡಿದೆವು. ಕೈಯಲ್ಲಿ ಗಿಡ ಹಿಡಿದು ಬಂದವರು ಮೊದಲು ಮಾತಾಡಬೇಕು, ಬರಿಗೈಯವರು ಆಮೇಲೆ. ರೇಟು, ಕರೆಂಟು, ಸರ್ಕಾರ ಎಲ್ಲಾ ಚಹಾ ಬಂದ ಮೇಲೆ. ಪೂರ್ತಿ ನಡೀಲಿಲ್ಲ. ಒಬ್ಬರು ಬದುವಿನ ಕರಿಕೆ ಕಿತ್ತು ಹಿಡ್ಕೊಂಡು ಬಂದು ಬೋರ್‌ವೆಲ್ ಮಾತು ತೆಗೆದರು, ನಗು ತಡೆಯಲಿಲ್ಲ. ಆದರೂ ಏಳು ಜನರ ಗಿಡ ನೋಡಿದೆವು. ಮೂವರಿಗೆ ಏನೂ ಹೊಡೆಯೋದು ಬೇಡ ಅಂತ ಗೊತ್ತಾಯ್ತು, ದುಡ್ಡು ಉಳೀತು.

ಈ ಗುರುವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಕೂಡ್ತೀವಿ. ಬರುವ ಮುಂಚೆ ನಿಮ್ಮ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲಿ, ಒಂದೊಂದು ಕಡೆ ಇಪ್ಪತ್ತು ಗಿಡ ಎಣಿಸಿ, ಎಷ್ಟಕ್ಕೆ ಬಿದ್ದಿದೆ ಬರ್ಕೊಳ್ಳಿ. ಎಳೆ ಪೈರಲ್ಲಿ ನೂರಕ್ಕೆ ಐದು, ಸುಳಿ ಬಲಿತ ಮೇಲೆ ನೂರಕ್ಕೆ ಹತ್ತು ದಾಟಿದ್ದರೆ ಔಷಧಿ ಯೋಚನೆ ಮಾಡೋಣ. ಇಮಾಮೆಕ್ಟಿನ್ ಆದರೆ ಲೀಟರಿಗೆ 0.4 ಗ್ರಾಂ, ಅಂದರೆ 16 ಲೀಟರ್ ಟ್ಯಾಂಕಿಗೆ ಆರೂವರೆ ಗ್ರಾಂ ಹತ್ತಿರ. ಸಂಜೆ ಹೊತ್ತು, ನಾಜಲ್ ಸುಳಿಗೆ ಹಿಡಿದು. ಗಿಡ ತರೋದು ಮರೀಬೇಡಿ, ಕವರಿನಲ್ಲಿ ಸ್ವಲ್ಪ ಗಾಳಿ ಬಿಟ್ಟು ಕಟ್ಟಿ. ಅಜ್ಜನಿಗೂ ಹೇಳಿದ್ದೀನಿ, ಬರ್ತಾನೆ.